ದಂಡಯಾತ್ರೆಯ ಹಿರಿಮೆಗೆ ಒರೆಗಲ್ಲು ಯಾವುದು?

ಇತಿಹಾಸದಲ್ಲಿ ನಡೆದ ದಂಡಯಾತ್ರೆಗಳಲ್ಲಿ ಸರ್ವಶ್ರೇಷ್ಠವಾದುದು ಯಾವುದೆಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಕಾಳಿದಾಸನ ರಘುವಿನ ದಿಗ್ವಿಜಯವನ್ನು ಪಾಠ ಹೇಳುವಾಗಲಂತೂ ಈ ಪ್ರಶ್ನೆ ತಪ್ಪದೆ ಬರುತ್ತದೆ. ಉತ್ತರಿಸುವ ಮುನ್ನ ಒರೆಗಲ್ಲನ್ನು ನಿಶ್ಚಯಿಸಿಕೊಳ್ಳಬೇಕು. ತಕ್ಕಡಿಯಿಂದ ಚಿನ್ನದ ತೂಕ ತಿಳಿದೀತು. ಅದರ ಶುದ್ಧಿ ತಿಳಿಯದು.

ನಡೆದ ದೂರವೇ ಅಳತೆಗೋಲಾದರೆ ಅಲೆಗ್ಸಾಂಡರನಿಗೆ ಅಗ್ರಪೂಜೆ ಸಲ್ಲಬೇಕು. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ಕಾಲಿರಿಸಿದ ಅವನು ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯವರೆಗೂ ಬಂದನು. ಆದರೆ ಕ್ರಿ.ಪೂ. 323ರಲ್ಲಿ ಅವನು ಮಡಿದೊಡನೆ ಸೇನಾನಿಗಳು ರಾಜ್ಯಕ್ಕಾಗಿ ಪರಸ್ಪರ ಕಾದಾಡಿದರು. ಸಾಹಸವೇ ಅಳತೆಗೋಲಾದರೆ ಕ್ರಿ.ಪೂ. 218ರಲ್ಲಿ ಆನೆಗಳೊಡನೆ ಆಲ್ಪ್ಸ್ ಪರ್ವತವನ್ನು ದಾಟಿದ ಹ್ಯಾನಿಬಾಲನಿಗೆ ಸಮಾನರಿಲ್ಲ. ಆದರೂ ರೋಮ್ ನಗರ ಅವನಿಗೆ ವಶವಾಗಲಿಲ್ಲ, ಕ್ರಿ.ಪೂ. 202ರಲ್ಲಿ ತನ್ನ ನಾಡಿನ ನೆಲದಲ್ಲಿಯೇ ಅವನು ಸೋತನು. ಸಂಖ್ಯೆಯ ಮಾತೆತ್ತಿದರೆ, 1812ರಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ ಸೈನ್ಯದೊಡನೆ ರಷ್ಯಾವನ್ನು ಹೊಕ್ಕ ನೆಪೋಲಿಯನ್ನನು ಮಾಸ್ಕೋವನ್ನು ಹಿಡಿದೂ ಬರಿಗೈಯಲ್ಲಿ ಮರಳಿದನು. ಈ ಮೂವರಿಗೂ ಹೊರಡುವುದು ತಿಳಿದಿತ್ತು. ಎಲ್ಲಿ ನಿಲ್ಲಬೇಕೆಂಬುದು ತಿಳಿಯಲಿಲ್ಲ.

ನಮ್ಮ ಪ್ರಾಚೀನರು ಈ ವಿಚಾರವನ್ನು ಬೇರೆ ರೀತಿಯಿಂದ ನೋಡಿದರು. ಕೌಟಿಲ್ಯನು ವಿಜಯಿಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಶರಣಾಗತಿಯಿಂದಲೇ ತೃಪ್ತನಾಗುವವನು ಧರ್ಮವಿಜಯಿ, ಭೂಮಿಯನ್ನೂ ಧನವನ್ನೂ ಬಯಸುವವನು ಲೋಭವಿಜಯಿ, ಇವುಗಳೊಡನೆ ಸೋತವನ ಮಡದಿಮಕ್ಕಳನ್ನೂ ಪ್ರಾಣವನ್ನೂ ಅಪಹರಿಸುವವನು ಅಸುರವಿಜಯಿ. ಕಾಳಿದಾಸನ ರಘುವು ಕಳಿಂಗದ ಮಹೇಂದ್ರಾಧಿಪತಿಯನ್ನು ಸೆರೆಹಿಡಿದು ಬಿಡುತ್ತಾನೆ. ಅವನ ಸಂಪತ್ತನ್ನು ಕೊಳ್ಳುತ್ತಾನೆ, ನೆಲವನ್ನು ಕೊಳ್ಳುವುದಿಲ್ಲ. ಇದು ಕಾವ್ಯದ ಮಾತಾಯಿತು. ಚರಿತ್ರೆಯಲ್ಲಿ ಇದಕ್ಕೆ ನಿದರ್ಶನವುಂಟೆ?

ಉಂಟು, ಅದೇ ಕಳಿಂಗದ ದಿಕ್ಕಿನಲ್ಲಿಯೇ ಉಂಟು. ವಿಜಯನಗರದ ಶ್ರೀಕೃಷ್ಣದೇವರಾಯನು ಗಜಪತಿ ಪ್ರತಾಪರುದ್ರನ ಮೇಲೆ ದಂಡೆತ್ತಿ 1513ರಲ್ಲಿ ಉದಯಗಿರಿಗೆ ಮುತ್ತಿಗೆ ಹಾಕಿದನು. ದುರ್ಗಕ್ಕೆ ಏರುವ ದಾರಿಗಳು ಕಿರಿದಾಗಿದ್ದುದರಿಂದ ಬಂಡೆಗಳನ್ನೊಡೆದು ಹಾದಿ ಮಾಡಬೇಕಾಯಿತೆಂದು ಪೋರ್ಚುಗೀಸ್ ಕುದುರೆ ವರ್ತಕ ನೂನಿಜನು ಬರೆದಿದ್ದಾನೆ. ಒಂದು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ಕಾದ ಬಳಿಕ ದುರ್ಗ ವಶವಾಯಿತು. 1515ರಲ್ಲಿ ಕೊಂಡವೀಡು ಬಿದ್ದಿತು; ಗಜಪತಿಯ ಮಗ ವೀರಭದ್ರನು ಸೆರೆಸಿಕ್ಕನು. ಮುಂದೆ ಕೊಂಡಪಲ್ಲಿಯನ್ನು ಗೆದ್ದು ಸಿಂಹಾಚಲದವರೆಗೂ ಸಾಗಿದ ರಾಯನ ದಾನಶಾಸನ 1516ರಲ್ಲಿ ಅಲ್ಲಿ ಕೆತ್ತಲ್ಪಟ್ಟಿತು. ಕೊನೆಗೆ ಸಂಧಿಯಾಯಿತು. ಗಜಪತಿಯು ತನ್ನ ಮಗಳನ್ನು ರಾಯನಿಗೆ ಧಾರೆಯೆರೆದನು. ರಾಯನು ಕೃಷ್ಣಾನದಿಯ ಉತ್ತರಕ್ಕೆ ತಾನು ಗೆದ್ದ ನಾಡನ್ನು ಹಿಂದಿರುಗಿಸಿದನು.

ಇದು ಔದಾರ್ಯವಲ್ಲ, ಕೇವಲ ರಾಜನೀತಿ ಎಂದು ಆಕ್ಷೇಪಿಸುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಿಜಾಪುರದೊಡನೆ ವೈರವಿರುವಾಗ ದೂರದ ನಾಡನ್ನು ಕಾಯುವುದು ಸುಲಭವಾಗಿರಲಿಲ್ಲ; 1520ರಲ್ಲಿ ರಾಯಚೂರಿನ ಯುದ್ಧ ನಡೆದೇ ನಡೆಯಿತು. ಉದಯಗಿರಿಯ ಬಾಲಕೃಷ್ಣ ವಿಗ್ರಹವನ್ನು ತಂದು 1515ರಲ್ಲಿ ರಾಜಧಾನಿಯಲ್ಲಿ ಪ್ರತಿಷ್ಠಾಪಿಸಿದುದನ್ನು ಭಕ್ತಿಯೆನ್ನುವವರೂ ಉಂಟು, ವಿಜಯಚಿಹ್ನೆಯೆನ್ನುವವರೂ ಉಂಟು. ಹೀಗೆ, ಒರೆಗೆ ಹಚ್ಚಿದಾಗ ಈ ಚಿನ್ನದಲ್ಲಿಯೂ ಕೊಂಚ ತಾಮ್ರ ಕಂಡೀತು. ಆದರೆ ಗೆದ್ದವನ ನೀತಿ ಸೋತವನ ಮಾನಕ್ಕೂ ಎಡೆಗೊಟ್ಟರೆ ಅದು ಧರ್ಮಕ್ಕೆ ಸಮೀಪವಾದ ನೀತಿಯೆಂದೇ ಹೇಳಬೇಕು.

ಸೆರೆಯಾದ ವೀರಭದ್ರನ ವಿಷಯದಲ್ಲಿ ಇದು ವಿಶದವಾಗುತ್ತದೆ. ಅವನು ಅವಮಾನದಿಂದ ಪ್ರಾಣ ಬಿಟ್ಟನೆಂದು ನೂನಿಜನು ಹೇಳುತ್ತಾನೆ. ಆದರೆ ದಾವಣಗೆರೆ ಸೀಮೆಯ 1516ರ ಶಾಸನವೊಂದು ಬೇರೆ ಸಂಗತಿಯನ್ನು ತಿಳಿಸುತ್ತದೆ. ರಾಯನು ಅವನಿಗೆ ಮಲೆಬೆನ್ನೂರು ಸೀಮೆಯ ನಾಯಕತನವನ್ನು ಕೊಟ್ಟಿದ್ದನು. ವೀರಭದ್ರನು ಅಲ್ಲಿಯ ಪ್ರಜೆಗಳಿಗೆ ಮದುವೆಯ ತೆರಿಗೆಯನ್ನು ಮನ್ನಿಸಿದನು.

ವಿಸ್ತಾರದಲ್ಲಿ ಈ ದಂಡಯಾತ್ರೆ ಅಲೆಗ್ಸಾಂಡರನದಕ್ಕೆ ಎಣೆಯಲ್ಲ. ಆದರೂ ವಿದ್ಯಾರ್ಥಿಗಳು ಕೇಳಿದಾಗ ನಾನು ಇದನ್ನೇ ಮೊದಲು ಹೆಸರಿಸುತ್ತೇನೆ. ಯುದ್ಧ ಎಂದು ಆರಂಭವಾಯಿತೆಂದು ಪರೀಕ್ಷೆಯಲ್ಲಿ ಕೇಳುವ ನಾವು, ಅದು ಹೇಗೆ ಮುಗಿಯಿತೆಂದೂ ಕೇಳಬೇಕು. ಶತ್ರುವಿನ ಮಗನೊಬ್ಬನ ಹೆಸರಿನಲ್ಲಿ ಕನ್ನಡ ನಾಡಿನ ಬಡವರ ಮನೆಯ ಮದುವೆಗಳು ಹಗುರಾದವೆಂಬ ಸಂಗತಿಯನ್ನು ಆಗ ನಮ್ಮ ಮಕ್ಕಳು ಕೋಟೆಗಳ ಹೆಸರಿನೊಡನೆ ನೆನಪಿಟ್ಟುಕೊಂಡಾರು.