ರೈಲಿನ ಗುಂಗು, ಮನಸ್ಸಿನ ನಂಟು

ಕಮ್ಮನಹಳ್ಳಿಗೆ ಬಾಣಸವಾಡಿ ರೈಲು ನಿಲ್ದಾಣ ದೂರವೇನಲ್ಲ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದಾಗ, ಬಾಣಸವಾಡಿಯಿಂದ ಹೊರಡುತ್ತಿದ್ದ ಎರ್ನಾಕುಲಂ ರೈಲು ಅಲ್ಲಿಗೆ ಹೋಯಿತು. ಬಹುಪಾಲು ಪ್ರಯಾಣಿಕರಿಗೆ ಅದು ಆಟೋ ಬಾಡಿಗೆಯ ಲೆಕ್ಕ, ಅಷ್ಟೆ. ಆದರೆ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿ, ದಿನವೂ ಅದನ್ನು ಒಪ್ಪಿಸುವುದರಲ್ಲೇ ನೆಮ್ಮದಿ ಕಾಣುವ ಮಗುವೊಂದು ಮನೆಯಲ್ಲಿದ್ದರೆ? ಅದಕ್ಕೆ ಇದು ಮನೆಯ ಗೋಡೆ ರಾತ್ರೋರಾತ್ರಿ ಜಾಗ ಬದಲಿಸಿದಂಥ ಸಂಗತಿ.

ಇಂಥ ಮಕ್ಕಳ ಬಗ್ಗೆ ವಿಯೆನ್ನಾದ ವೈದ್ಯ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದರು. ಮಾತು ಚೆನ್ನಾಗಿದೆ, ಬುದ್ಧಿಯೂ ಚುರುಕು. ಆದರೆ ಎದುರಿನವರ ಮುಖಭಾವ ಓದುವುದು ಕಷ್ಟ, ಮನಸ್ಸು ಒಂದೇ ವಿಷಯಕ್ಕೆ ಅಂಟಿಕೊಂಡಿರುತ್ತದೆ. ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಸುಮಾರು ಎರಡು ದಶಕ ಮೊದಲೇ ಇಂಥ ಆರು ಹುಡುಗರನ್ನು ವರ್ಣಿಸಿದ್ದರೂ ಹೆಸರು ಉಳಿದದ್ದು ಆಸ್ಪರ್ಗರ್‌ರದು. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ 'ಆಸ್ಪರ್ಗರ್ ಸಿಂಡ್ರೋಮ್' ಎಂಬ ಮಾತನ್ನು ಬಳಕೆಗೆ ತಂದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ ಆ ಹೆಸರು 2013ರಲ್ಲಿ ಹೊರಬಿತ್ತು. ಈಗ ಎಲ್ಲವೂ ಆಟಿಸಂ ಎಂಬ ಒಂದೇ ವ್ಯಾಪ್ತಿಯೊಳಗಿದೆ. ಆಸ್ಪರ್ಗರ್ ನಾತ್ಸಿ ಆಡಳಿತದೊಂದಿಗೆ ಸಹಕರಿಸಿ, ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಮಕ್ಕಳನ್ನು ಕಳಿಸಿದ್ದರೆಂದು 2018ರಲ್ಲಿ ದಾಖಲೆ ಸಮೇತ ಪ್ರಕಟವಾದ ಮೇಲೆ, ಆ ಹೆಸರೇ ಬೇಡವೆಂದವರು ಹಲವರು. ತಮ್ಮನ್ನು ತಾವು ಅರಿತುಕೊಂಡದ್ದೇ ಆ ಹೆಸರಿನಿಂದ ಎಂದು ಬಿಡಲೊಲ್ಲದವರೂ ಇದ್ದಾರೆ.

ಹೆಸರಿನ ಜಗಳ ಹಾಗಿರಲಿ, ಗುಂಗಿನ ಮಾತಿಗೆ ಬರೋಣ. ದೈನಾ ಮರ್ರೆ ಮತ್ತು ಸಂಗಡಿಗರು 2005ರಲ್ಲಿ ಒಂದು ವಿವರಣೆ ಕೊಟ್ಟರು. ಸಾಮಾನ್ಯರ ಗಮನ ಟ್ಯೂಬ್‌ಲೈಟಿನಂತೆ ಕೋಣೆಯೆಲ್ಲ ಹರಡಿಕೊಂಡರೆ, ಇವರದು ಟಾರ್ಚಿನ ಬೆಳಕು ಎನ್ನಬಹುದು. ಬಿದ್ದ ಕಡೆ ಧೂಳಿನ ಕಣವೂ ಕಾಣುತ್ತದೆ, ಪಕ್ಕದಲ್ಲಿ ಕರೆಯುವ ಅಮ್ಮ ಕಾಣುವುದಿಲ್ಲ. ಆ ಬೆಳಕನ್ನು ಹಠಾತ್ತನೆ ಬೇರೆಡೆಗೆ ತಿರುಗಿಸಿದರೆ ಅಳು, ಸಿಟ್ಟು. ಅದು ಹಟಮಾರಿತನವಲ್ಲ. ಸದ್ದು, ಗದ್ದಲ, ಅರ್ಥವಾಗದ ಜನರ ನಡುವೆ ಲೆಕ್ಕ ತಪ್ಪದ ಒಂದು ಜಾಗ ಅದಾಗಿರುತ್ತದೆ.

ನಮ್ಮ ಮನೆಗಳ ವಿಚಿತ್ರ ನೋಡಿ. ಮಗ್ಗಿ, ಅಮರಕೋಶ ಒಪ್ಪಿಸುವ ಮಗುವನ್ನು ನೆಂಟರೆದುರು ನಿಲ್ಲಿಸಿ ಬೆನ್ನು ತಟ್ಟುತ್ತೇವೆ. ರೈಲಿನ ನಂಬರು ಒಪ್ಪಿಸಿದರೆ 'ಸಾಕು ಸುಮ್ಮನಿರು' ಎನ್ನುತ್ತೇವೆ. ನೆನಪಿನ ಶಕ್ತಿ ಒಂದೇ, ಮರ್ಯಾದೆ ಬೇರೆ. ಇನ್ನು ಹೆಣ್ಣುಮಕ್ಕಳ ಗುಂಗು ಕಥೆಪುಸ್ತಕವೋ ಸಿನಿಮಾ ನಟನೋ ಆಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಗುಂಗನ್ನೇ ಸೇತುವೆ ಮಾಡಿಕೊಳ್ಳಬಹುದು. ಅಮೆರಿಕದ ಟೆಂಪಲ್ ಗ್ರಾಂಡಿನ್ ಹುಡುಗಿಯಾಗಿದ್ದಾಗ, ದನಗಳನ್ನು ಒತ್ತಿ ಹಿಡಿಯುವ ಯಂತ್ರ ಕಂಡು ಅದರ ಹುಚ್ಚು ಹಚ್ಚಿಕೊಂಡರು. ಅವರ ವಿಜ್ಞಾನದ ಮೇಷ್ಟ್ರು ಅದನ್ನು ಬಿಡಿಸಲು ಹೋಗಲಿಲ್ಲ. ಒತ್ತಿದರೆ ಮನಸ್ಸು ಶಾಂತವಾಗುವುದೇಕೆಂದು ನೀನೇ ಕಂಡುಹಿಡಿ ಎಂದರು. ಮುಂದೆ ಆಕೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ನಮ್ಮ ನಿಲ್ದಾಣಗಳ ಹಳದಿ ಫಲಕದಲ್ಲಿ ಮೂರು ಭಾಷೆಗಳಿವೆ. ವೇಳಾಪಟ್ಟಿಯಲ್ಲಿ ಕೂಡಿಸುವ, ಕಳೆಯುವ ಲೆಕ್ಕವಿದೆ. ಆದರೆ 'ಊಟ ಮಾಡದಿದ್ದರೆ ರೈಲು ನೋಡಲು ಕರೆದೊಯ್ಯುವುದಿಲ್ಲ' ಎಂಬ ಬೆದರಿಕೆ ಬೇಡ. ನೆಮ್ಮದಿಯನ್ನೇ ಒತ್ತೆಯಿಟ್ಟಂತಾಗುತ್ತದೆ.

ಕಮ್ಮನಹಳ್ಳಿಗೆ ತಾಗಿದ ಕಲ್ಯಾಣನಗರದ ಕಾಮ್ ಡೀಲ್ ಟ್ರಸ್ಟ್‌ನ ಕಾರ್ಯಕ್ರಮ, ವಾಕ್-ಭಾಷಾ ತಜ್ಞೆ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ್ದು. ಆರು ವರ್ಷದೊಳಗಿನ ಮಕ್ಕಳ ಮಾತು, ಸಂವಹನಕ್ಕೆ ಅಲ್ಲಿ ಒತ್ತು. ಅಷ್ಟು ಬೇಗ ಬರುವವರು ಸಾಮಾನ್ಯವಾಗಿ ಮಾತು ತಡವಾದ ಮಕ್ಕಳು. ಅರಳು ಹುರಿದಂತೆ ಮಾತಾಡುವ ಮಗುವಿಗೆ ತೊಂದರೆಯಿದೆ ಎಂದು ಯಾರಿಗೂ ತೋಚದೆ ಶಾಲೆ, ಕಾಲೇಜು ಮುಗಿದುಹೋಗುತ್ತವೆ. ಕೊನೆಗೆ ಕೆಲಸದ ಜಾಗದಲ್ಲಿ 'ಒಂಥರಾ ಮನುಷ್ಯ' ಎಂಬ ಬಿರುದು ಬರುತ್ತದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ ಆಟಿಸಂ 2016ರ ಕಾಯ್ದೆಯಲ್ಲಿ ಸೇರಿತು. ಆದರೆ ಸರ್ಕಾರಿ ಉದ್ಯೋಗದ ಮೀಸಲಾತಿಗೆ ಕನಿಷ್ಠ ಶೇ 40ರ ಪ್ರಮಾಣಪತ್ರ ಬೇಕು. ತಪಾಸಣೆಯ ಕೋಣೆಯಲ್ಲಿ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರಿಸಿ, ಹೊರಗೆ ಬಂದು ಶಿವಾಜಿನಗರದ ಬಸ್ ನಿಲ್ದಾಣದ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲುವವನ ಕಷ್ಟ ಶೇಕಡಾ ಎಷ್ಟು?