ಸಿಮೆಂಟಿಗೆ ಅಂಟಿದ ಕನ್ನಡಿ, ಮೊಳೆಗೆ ತೂಗಿದ ಕನ್ನಡಿ

ಸಬ್ಹಾನ್ ಎಂದರೆ ಕುವೈತಿನಲ್ಲಿರುವ ಯಾರಿಗೂ ಮನೆಯ ಅಲಂಕಾರ ನೆನಪಾಗುವುದಿಲ್ಲ. ವಿಮಾನ ನಿಲ್ದಾಣದ ಮಗ್ಗುಲಿನ ಈ ಕೈಗಾರಿಕಾ ಪ್ರದೇಶದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾರ್ಖಾನೆ, ಗೋದಾಮು, ಸಾಲುಗಟ್ಟಿ ನಿಂತ ಲಾರಿ. ಕುವೈತಿನ ಮಕ್ಕಳು ಚಪ್ಪರಿಸುವ ಕೆಡಿಡಿ ಐಸ್‌ಕ್ರೀಮು ಹೊರಡುವುದೂ ಇಲ್ಲಿಂದಲೇ. ಇಲ್ಲಿ ಲೆಕ್ಕ ಬರೆಯುವ, ಯಂತ್ರ ನೋಡಿಕೊಳ್ಳುವ, ಸರಕು ಎಣಿಸುವವರಲ್ಲಿ ನಮ್ಮ ಕರಾವಳಿಯ ಕಡೆಯವರೂ ಇದ್ದಾರೆ. ಸಂಜೆಯಾದರೆ ಅವರೆಲ್ಲ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್, ಫಹಾಹೀಲ್‌ಗಳ ಬಾಡಿಗೆ ಫ್ಲ್ಯಾಟುಗಳಿಗೆ ಮರಳುತ್ತಾರೆ.

ಆ ಫ್ಲ್ಯಾಟುಗಳಲ್ಲಿ ಎಷ್ಟು ಕನ್ನಡಿಗಳಿರುತ್ತವೆ? ಬಾತ್‌ರೂಮಿನ ಸಿಂಕಿನ ಮೇಲೊಂದು, ಕಪಾಟಿನ ಬಾಗಿಲಿಗೊಂದು. ಹೆಣ್ಣುಮಕ್ಕಳಿರುವ ಮನೆಯಾದರೆ ಇನ್ನೊಂದು. ಹಾಲಿನ ಗೋಡೆಯಲ್ಲಿ ದೇವರ ಪಟ, ಕ್ಯಾಲೆಂಡರು, ದೊಡ್ಡ ಟಿವಿ. "ಇಲ್ಲಿ ಏನು ಮಾಡಿಸೋದು, ಹೇಗೂ ಒಂದು ದಿನ ಹೊರಡೋರೇ ಅಲ್ವಾ" ಎಂಬ ಮಾತು ಇಲ್ಲಿ ಪ್ರತಿ ಮನೆಯಲ್ಲೂ ಕೇಳುತ್ತದೆ. ಅದೇ ಮನೆಯವರು ಕಾರ್ಕಳದಲ್ಲೋ ಬಂಟ್ವಾಳದಲ್ಲೋ ಕಟ್ಟಿಸುತ್ತಿರುವ ಮನೆಯ ಮೆಟ್ಟಿಲ ಬಳಿ ಆಳೆತ್ತರದ ಕನ್ನಡಿ ಕೂರಿಸಿ, ಅದರ ಫೋಟೋವನ್ನು ಫೋನಿನಲ್ಲಿ ತೋರಿಸುತ್ತಾರೆ. ಅಲಂಕಾರವೆಲ್ಲ ಊರಿನ ಮನೆಗೆ, ವಾಸವೆಲ್ಲ ಇಲ್ಲಿ.

ಇದೇ ಕುವೈತಿನಲ್ಲಿ, ಹೊರಗಿನಿಂದ ಬಂದ ಒಬ್ಬ ಹೆಣ್ಣುಮಗಳು ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿ ತೋರಿಸಿದಳು.

ಸಬ್ಹಾನಿನಿಂದ ರಿಂಗ್ ರೋಡುಗಳನ್ನು ಒಂದೊಂದಾಗಿ ದಾಟಿ ನಗರದತ್ತ ಹೋದರೆ ಎರಡನೆಯ ಮತ್ತು ಮೂರನೆಯ ರಿಂಗ್ ರೋಡುಗಳ ನಡುವೆ ಖಾದಿಸಿಯಾ ಸಿಗುತ್ತದೆ. ಕುವೈತಿ ಕುಟುಂಬಗಳ ವಿಲ್ಲಾಗಳಿರುವ ಶಾಂತ ಬಡಾವಣೆ. ಅಲ್ಲಿ ಒಂದು ಮನೆ ಮಾತ್ರ ಬಿಸಿಲಿಗೆ ಮಿರಮಿರ ಮಿಂಚುತ್ತದೆ. ಅದು 'ಮಿರರ್ ಹೌಸ್', ಕನ್ನಡಿ ಮನೆ. ಅದನ್ನು ರೂಪಿಸಿದ ಲಿಡಿಯಾ ಅಲ್ ಖತ್ತಾನ್ ಹುಟ್ಟಿನಿಂದ ಇಟಲಿಯವರು. ಅವರ ಗಂಡ ಖಲೀಫಾ ಅಲ್ ಖತ್ತಾನ್ (1934–2003) ಕುವೈತಿನ ಆಧುನಿಕ ಚಿತ್ರಕಲೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. 1950ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಓದಿ ಬಂದವರು, ಬಾಗಿದ ರೇಖೆಗಳನ್ನೇ ಆಧಾರವಾಗಿಟ್ಟುಕೊಂಡ 'ಸರ್ಕ್ಯುಲಿಸಂ' ಎಂಬ ತಮ್ಮದೇ ಶೈಲಿ ಕಟ್ಟಿದವರು. ಗಂಡ ಕ್ಯಾನ್ವಾಸಿನ ಮೇಲೆ ಬರೆಯುತ್ತಿದ್ದರೆ ಹೆಂಡತಿ ಮನೆಯನ್ನೇ ಕ್ಯಾನ್ವಾಸು ಮಾಡಿಕೊಂಡರು. 1960ರ ದಶಕದಲ್ಲಿ ಒಡೆದ ಕನ್ನಡಿಯ ಚೂರುಗಳಿಂದ ಶುರುವಾದ ಈ ಹುಚ್ಚು ದಶಕಗಟ್ಟಲೆ ನಡೆಯಿತು. ಹುಚ್ಚು ಎನ್ನುವುದನ್ನು ಮೆಚ್ಚುಗೆಯಿಂದಲೇ ಹೇಳುತ್ತಿದ್ದೇನೆ. ಗೋಡೆ, ಚಾವಣಿ, ಮೆಟ್ಟಿಲು, ಹೊರಗೋಡೆ ಎಲ್ಲ ಕಡೆಯೂ ಬಿಳಿ ಸಿಮೆಂಟಿನಲ್ಲಿ ಕೂರಿಸಿದ ಕನ್ನಡಿ ಚೂರುಗಳು. ಒಂದು ಕಡೆ ಗ್ರಹ, ನಕ್ಷತ್ರ, ರಾಶಿಗಳು. ಇನ್ನೊಂದು ಕಡೆ ಸಮುದ್ರ, ಮೀನು. ನಡುನಡುವೆ ಖಲೀಫಾ ಅವರ ಚಿತ್ರಗಳು.

ಈ ಮನೆಗೆ 77 ಟನ್ ಕನ್ನಡಿಯೂ 102 ಟನ್ ಬಿಳಿ ಸಿಮೆಂಟೂ ಹಿಡಿದಿವೆ ಎಂದು ಎಲ್ಲರೂ ಹೇಳುತ್ತಾರೆ. ಅಂಕಿ ಕೇಳಿದ ಮೇಲೆ ಲೆಕ್ಕ ಹಾಕದೆ ಇರುವುದು ಹೇಗೆ? ಒಂದು ಚದರ ಮೀಟರು ಗಾಜು ಒಂದು ಮಿಲಿಮೀಟರು ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಮಿಲಿಮೀಟರಿನ ಸಾಮಾನ್ಯ ಕನ್ನಡಿ ಎಂದು ಹಿಡಿದರೆ ಚದರ ಮೀಟರಿಗೆ 10 ಕಿಲೋ. ಅಂದರೆ 77 ಟನ್ನಿಗೆ 7,700 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ ಎರಡು ಎಕರೆ! ಒಂದು ಮನೆಯ ಗೋಡೆ, ಚಾವಣಿಗಳನ್ನೆಲ್ಲ ಬಿಡಿಸಿ ಹಾಸಿದರೂ ಇದು ಸ್ವಲ್ಪ ಜಾಸ್ತಿಯಾಯಿತು. ಕತ್ತರಿಸುವಾಗ ಹಾಳಾದದ್ದು, ದಪ್ಪ ಗಾಜು, ಅಲ್ಲಲ್ಲಿ ಚೂರಿನ ಮೇಲೆ ಚೂರು ಎಂದೆಲ್ಲ ಕಳೆದರೆ ನಂಬಬಹುದೇನೋ. ತೂಕ ಎಷ್ಟಾದರೂ ಇರಲಿ, ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಆ ಸಿಮೆಂಟು. ಸಿಮೆಂಟಿಗೆ ಅಂಟಿಸಿದ್ದನ್ನು ಬಿಚ್ಚಿಕೊಂಡು ಹೋಗಲು ಆಗುವುದಿಲ್ಲ. ಇಟಲಿಯಲ್ಲಿ ಹುಟ್ಟಿದವಳೊಬ್ಬಳು 'ನಾನು ಇಲ್ಲಿಯವಳು' ಎನ್ನುವುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಲು ಸಾಧ್ಯವಿರಲಿಲ್ಲ. ಅವರು ಕುವೈತಿಯ ಹೆಂಡತಿ, ಮನೆ ಅವರದೇ. ಎರಡು ವರ್ಷಕ್ಕೊಮ್ಮೆ ಇಖಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸಿಕೊಳ್ಳುವ ನಮ್ಮಂಥವರ ಕಥೆ ಬೇರೆ, ಸರಿ. ಆದರೂ ಆ ಮನೆ ನೋಡಿ ಬಂದವರಿಗೆ ತಮ್ಮ ಹಾಲಿನ ಬೋಳು ಗೋಡೆ ಒಂದೆರಡು ದಿನ ಚುಚ್ಚುತ್ತದೆ.

ಚೂರು ಕನ್ನಡಿಗಳ ಈ ಕೆಲಸ ಕೊಲ್ಲಿಯ ಆಚೆ ದಡದಲ್ಲಿ ಹಳೆಯದು. ಇರಾನಿನಲ್ಲಿ ಅದಕ್ಕೆ 'ಆಯಿನಾಕಾರಿ' ಎನ್ನುತ್ತಾರೆ. ಟೆಹರಾನಿನ ಗುಲಿಸ್ತಾನ್ ಅರಮನೆಯ ಕನ್ನಡಿ ಸಭಾಂಗಣ, ಶಿರಾಜಿನ ಶಾಹ್ ಚೆರಾಗ್ ದರ್ಗಾದ ಒಳಾಂಗಣ ಇವೆಲ್ಲ ಅದೇ ಕೈಚಳಕದವು. ವೆನಿಸ್ಸಿನಿಂದ ತರಿಸಿದ ದೊಡ್ಡ ಕನ್ನಡಿಗಳು ದಾರಿಯಲ್ಲೇ ಒಡೆದು ಬರುತ್ತಿದ್ದವಂತೆ, ಬಿಸಾಡಲು ಮನಸ್ಸಾಗದ ಕುಶಲಕರ್ಮಿಗಳು ಚೂರುಗಳನ್ನೇ ಗೋಡೆಗೆ ಹಚ್ಚಿದರಂತೆ. ಈ ಕಥೆ ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ. ಯುರೋಪಿನ ರಾಜರು ಮಾಡಿದ್ದು ಇನ್ನೊಂದು ಬಗೆ: ವರ್ಸೈಲ್ಸಿನಲ್ಲಿ 1684ರಲ್ಲಿ ಮುಗಿದ ಸಭಾಂಗಣದಲ್ಲಿ 357 ಕನ್ನಡಿಗಳು, ಎದುರಿನ ತೋಟವನ್ನೂ ತಮ್ಮನ್ನೂ ಇಡಿಯಾಗಿ ನೋಡಿಕೊಳ್ಳಲು. ಚೂರು ಕನ್ನಡಿಯಲ್ಲಿ ಮುಖ ಇಡಿಯಾಗಿ ಕಾಣುವುದಿಲ್ಲ. ಒಂದೊಂದು ಚೂರೂ ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಕೂತಿರುವುದರಿಂದ ಬೆಳಕು ನೂರು ದಿಕ್ಕಿಗೆ ಚೆದುರುತ್ತದೆ. ಒಂದು ಮೇಣದಬತ್ತಿ ಹಚ್ಚಿದರೆ ಇಡೀ ಕೋಣೆ ಅಲುಗಿದಂತಾಗುತ್ತದೆ.

ನಮ್ಮಲ್ಲಿ ಈ ಚೂರಿಗೆ ಬಾಗಿಲಲ್ಲೇ ತಡೆ. ಒಡೆದ ಕನ್ನಡಿ ಮನೆಯಲ್ಲಿ ಇಡಬಾರದು, ಅದರಲ್ಲಿ ಮುಖ ನೋಡಬಾರದು ಎಂದು ಅಜ್ಜಿಯಂದಿರು ಗದರುತ್ತಿದ್ದುದು ಸುಮ್ಮನೆ ಅಲ್ಲ. ಇಡೀ ಕನ್ನಡಿ ನಮಗೆ ಮಂಗಳದ್ರವ್ಯ. ಮದುವೆಯಲ್ಲಿ ಕಳಸಗಿತ್ತಿಯ ಕೈಯಲ್ಲಿ ಕಳಶದ ಜತೆ ಕನ್ನಡಿ ಇರಲೇಬೇಕು. ತುಳುನಾಡಿನವರು ಏಪ್ರಿಲ್ ನಡುವೆ ಬರುವ ಬಿಸು ಹಬ್ಬಕ್ಕೆ ಹಣ್ಣು, ತರಕಾರಿ, ಚಿನ್ನದ ಜತೆ ಕನ್ನಡಿ ಇಟ್ಟು ಕಣಿ ನೋಡುತ್ತಾರೆ. ಕುವೈತಿನ ಫ್ಲ್ಯಾಟುಗಳಲ್ಲೂ ಆ ಬೆಳಗ್ಗೆ ಕಣಿ ತಪ್ಪುವುದಿಲ್ಲ. ಬಾತ್‌ರೂಮಿನ ಕನ್ನಡಿ ಬಿಚ್ಚಲು ಬಾರದೆ, ಪೌಡರ್ ಡಬ್ಬಿಯ ಪುಟಾಣಿ ಕನ್ನಡಿಯೇ ದೇವರ ಮುಂದೆ ಕೂತದ್ದನ್ನು ನೋಡಿದ್ದೇನೆ. ಹಾಗೆ ನೋಡಿದರೆ ನಮ್ಮಲ್ಲೂ ಚೂರಿಗೆ ಮರ್ಯಾದೆ ಕೊಟ್ಟವರಿದ್ದಾರೆ. ಲಂಬಾಣಿ ಹೆಂಗಸರ ರವಿಕೆ, ಲಂಗ, ಚೀಲಗಳ ಮೇಲಿನ ಕನ್ನಡಿ ಬಿಲ್ಲೆಗಳನ್ನು ನೋಡಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಗೋಡೆಗೆ ಮೊಳೆ ಹೊಡೆಯಲು ಹಿಂಜರಿಯುವವರು ಊರಿಗೆ ಹೋದಾಗ ಅಂಥದೊಂದು ಕಸೂತಿ ಬಟ್ಟೆ ತಂದು ತೂಗುಹಾಕಬಹುದು. ಅದು ಸೂಟ್‌ಕೇಸಿನಲ್ಲಿ ಮಡಚಿ ಕೂರುತ್ತದೆ, ಒಡೆಯುವುದಿಲ್ಲ, ಸಂಜೆಯ ದೀಪಕ್ಕೆ ಮಿಣಮಿಣ ಎನ್ನುತ್ತದೆ. ನನ್ನನ್ನು ಕೇಳಿದರೆ ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ.

ಇನ್ನು ಗಾಜಿನ ಕನ್ನಡಿಯೇ ಬೇಕು ಎನ್ನುವವರಿಗೆ. ಅಲ್ ರಾಯ್‌ನಲ್ಲಿ ಎರಡು ದಾರಿ: ಅವೆನ್ಯೂಸ್ ಮಾಲಿನ ಐಕಿಯಾದಲ್ಲಿ ಹೊಸದು, ಶುಕ್ರವಾರದ ಸಂತೆಯಾದ ಸೂಕ್ ಅಲ್ ಜುಮಾದಲ್ಲಿ ಹಳೆಯದು. ಎರಡನೆಯದಕ್ಕೆ ಹೋಗುವವರು ಚೌಕಾಸಿಗೆ ಮೊದಲು ಕನ್ನಡಿಯ ಅಂಚು ನೋಡಬೇಕು. ಕನ್ನಡಿ ಎಂದರೆ ಗಾಜಿನ ಬೆನ್ನಿಗೆ ಹಚ್ಚಿದ ತೆಳು ಬೆಳ್ಳಿ. ಈ ವಿಧಾನವನ್ನು 1835ರಲ್ಲಿ ಕಂಡುಹಿಡಿದವರು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್. ಬೆಳ್ಳಿಯನ್ನು ಕಾಯಲು ಅದರ ಹಿಂದೆ ಬಣ್ಣದ ಲೇಪ ಇರುತ್ತದೆ, ಆದರೆ ಅಂಚಿನಲ್ಲಿ ಕಾವಲು ಕಡಿಮೆ. ಕುವೈತ್ ಮರುಭೂಮಿ ಹೌದು, ಹಾಗೆಂದು ಒಣ ಊರು ಎಂದುಕೊಳ್ಳಬಾರದು. ಬೇಸಿಗೆಯ ಕೊನೆಗೆ ಸಮುದ್ರದ ಕಡೆಯಿಂದ ಉಪ್ಪು ಬೆರೆತ ಹಬೆಗಾಳಿ ಬೀಸುತ್ತದೆ. ಆ ತೇವ ಅಂಚಿನಿಂದ ಒಳಗೆ ಇಳಿದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕಪ್ಪು ಚುಕ್ಕೆ ಶುರುವಾದ ಕನ್ನಡಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಬಾತ್‌ರೂಮಿನಲ್ಲಿ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಎಲ್ಲಿ ತೂಗುಹಾಕುವುದು ಎಂಬ ಪ್ರಶ್ನೆಗೆ ನಮ್ಮವರು ಮೊದಲು ಊರಿಗೆ ಫೋನ್ ಮಾಡಿ ವಾಸ್ತು ಕೇಳುತ್ತಾರೆ. ಉತ್ತರ, ಪೂರ್ವದ ಗೋಡೆ ಒಳ್ಳೆಯದು, ಹಾಸಿಗೆಯ ಎದುರು ಬೇಡ ಎಂಬ ಸಲಹೆ ಬರುತ್ತದೆ. ಹಾಸಿಗೆಯ ಮಾತಿಗೆ ನನ್ನ ಒಪ್ಪಿಗೆ ಇದೆ. ನಡುರಾತ್ರಿ ನೀರು ಕುಡಿಯಲು ಎದ್ದವರು ತಮ್ಮ ನೆರಳಿಗೇ ಬೆಚ್ಚುವುದು ತಪ್ಪುತ್ತದೆ. ದಿಕ್ಕಿನ ವಿಷಯದಲ್ಲಿ ಇಲ್ಲಿ ಸೂರ್ಯನನ್ನು ಕೇಳುವುದು ಮೇಲು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಅದನ್ನು ವಿಶ್ವ ಹವಾಮಾನ ಸಂಸ್ಥೆಯೂ ಒಪ್ಪಿದೆ. ಇಂಥ ಊರಿನಲ್ಲಿ ಕಿಟಕಿಯ ನೇರ ಎದುರಿಗೆ ಕನ್ನಡಿ ಹಾಕಿದರೆ ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ಸೋಫಾದಲ್ಲಿ ಕೂತವರ ಕಣ್ಣಿಗೇ ರಾಚುತ್ತದೆ. ಕಿಟಕಿ ಇರುವ ಗೋಡೆಗೆ ತಾಗಿದ ಪಕ್ಕದ ಗೋಡೆಗೆ ಹಾಕಿದರೆ ಬೆಳಕು ಕೋಣೆಯ ಆಳಕ್ಕೆ ಸರಿಯುತ್ತದೆ, ರಾಚುವುದು ಕಡಿಮೆ. ಪಕ್ಕದ ಕಟ್ಟಡದ ಗೋಡೆಯನ್ನಷ್ಟೇ ನೋಡುವ ಕಿಟಕಿಯಿದ್ದರೆ ಮಾತ್ರ ಎದುರಿಗೇ ಹಾಕಿಕೊಳ್ಳಿ, ಸಿಕ್ಕಷ್ಟು ಬೆಳಕು ದೋಚಬಹುದು. ಮೇಕಪ್ಪಿಗೆ, ಶೇವಿಂಗಿಗೆ ಬಳಸುವ, ಮುಖವನ್ನು ದೊಡ್ಡದಾಗಿ ತೋರಿಸುವ ಒಳಬಾಗಿನ ಕನ್ನಡಿಯನ್ನಂತೂ ಬಿಸಿಲು ಬೀಳುವ ಕಿಟಕಿಯ ಬಳಿ ಇಡಲೇಬಾರದು. ಅದು ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸಿ ಪರದೆಗೆ ಬೆಂಕಿ ಹಚ್ಚಬಲ್ಲದು.

ಆಳೆತ್ತರದ ಕನ್ನಡಿ ಬೇಕೇ ಬೇಕು ಎಂದು ಹಟ ಹಿಡಿಯುವವರಿಗೆ ಹೈಸ್ಕೂಲಿನ ಭೌತಶಾಸ್ತ್ರ ನೆನಪಿಸಬೇಕು. ತಲೆಯಿಂದ ಕಾಲಿನವರೆಗೆ ನೋಡಿಕೊಳ್ಳಲು ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು. ಐದೂವರೆ ಅಡಿಯವರಿಗೆ ಎರಡೂಮುಕ್ಕಾಲು ಅಡಿ, ಕೆಳ ಅಂಚು ಕಣ್ಣಿನ ಎತ್ತರದ ಅರ್ಧಕ್ಕೆ ಬರುವಂತೆ ಹಾಕಿದರಾಯಿತು. ಹಿಂದೆ ಸರಿದರೆ ಇನ್ನಷ್ಟು ಕಾಣುತ್ತದೆ ಎಂಬುದು ಬರೀ ಭ್ರಮೆ. ಕನ್ನಡಿ ಚಿಕ್ಕದಾದರೆ ತೂಕವೂ ಕಡಿಮೆ, ಮೊಳೆಯೂ ಕಡಿಮೆ. ಗೋಡೆ ಕೊರೆಯುವ ಮೊದಲು ಕಟ್ಟಡದ ಕಾವಲುಗಾರ ಹಾರಿಸ್‌ಗೆ ಒಂದು ಮಾತು ಹೇಳಿ, ಟೀ ಕುಡಿಸಿಬಿಡಿ. ಮನೆ ಖಾಲಿ ಮಾಡುವ ದಿನ ತೂತುಗಳನ್ನು ಎಣಿಸುವವನು ಅವನೇ. ಎರಡು ಕಡೆ ಅಂಟುವ ಟೇಪನ್ನು ನಂಬಿ 12 ಕಿಲೋ ಕನ್ನಡಿ ಹಚ್ಚುವವರಿಗೆ ಹೇಳುವುದು ಏನೂ ಇಲ್ಲ, ರಾತ್ರಿ ಅದು ತಾನೇ ಸದ್ದು ಮಾಡಿ ಹೇಳುತ್ತದೆ.

ಧೂಳಿನ ಗಾಳಿ ಬೀಸಿದ ಮರುದಿನ ಒಣ ಬಟ್ಟೆಯಲ್ಲಿ ಕನ್ನಡಿ ಉಜ್ಜಬಾರದು. ಮರಳಿನ ಕಣ ಗಾಜಿಗಿಂತ ಗಟ್ಟಿ, ಗೀರು ಬಿದ್ದರೆ ಹೋಗುವುದಿಲ್ಲ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ, ಆಮೇಲೆ ಒದ್ದೆ ಬಟ್ಟೆ. ನೀರನ್ನು ಬಟ್ಟೆಗೆ ಹಾಕಿ, ಕನ್ನಡಿಗೆ ಚಿಮುಕಿಸಬೇಡಿ. ಅಂಚಿಗೆ ಇಳಿದ ನೀರು ಮಾಡುವ ಕೆಲಸವನ್ನು ಮೇಲೆ ಹೇಳಿದ್ದೇನೆ.

ಕನ್ನಡಿ ಹಾಕಿದರೆ ಕೋಣೆ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಒಳಾಂಗಣ ವಿನ್ಯಾಸದವರು ಹೇಳುವುದುಂಟು. ಕಾಣುತ್ತದೆ, ನಿಜ. ಆದರೆ ಅದು ಕನ್ನಡಿಯೊಳಗಿನ ಗಂಟು. ಹಬ್ಬಕ್ಕೆ ಹತ್ತು ಜನ ಊಟಕ್ಕೆ ಬಂದರೆ ಎಲೆ ಹಾಕಲು ಇರುವುದು ಈಚೆಗಿನ ಅರ್ಧದಲ್ಲೇ. ನಾನು ಕನ್ನಡಿ ಹಾಕಿ ಎನ್ನುವುದು ಜಾಗಕ್ಕಲ್ಲ, ಬೆಳಕಿಗೆ. ವರ್ಷದಲ್ಲಿ ಅರ್ಧ ಭಾಗ ಪರದೆ ಎಳೆದುಕೊಂಡು, ಹಗಲಲ್ಲೇ ಟ್ಯೂಬ್‌ಲೈಟು ಹಾಕಿಕೊಂಡು ಬದುಕುವ ಮನೆಗಳಿವು. ಪರದೆಯ ಸಂದಿನಿಂದ ನುಸುಳುವ ಒಂದು ಗೀಟು ಬಿಸಿಲನ್ನು ಅಡುಗೆಮನೆಯವರೆಗೆ ಒಯ್ಯುವುದಾದರೆ ಒಂದು ಕನ್ನಡಿಗೆ ಕೊಡುವ ಐದಾರು ದಿನಾರು ದುಬಾರಿಯಲ್ಲ.

ಕನ್ನಡಿ ಮನೆ ನೋಡಬೇಕೆನ್ನುವವರು ಮೊದಲೇ ತಿಳಿಸಿ, ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಅದು ಬರೀ ಮ್ಯೂಸಿಯಂ ಅಲ್ಲ, ಒಬ್ಬರು ಬದುಕಿದ ಮನೆ. ನೋಡಿ ಬಂದು ಮನೆಗೂ ಒಂದು ಕನ್ನಡಿ ಬೇಕೆನಿಸಿದವರಿಗೆ, ಜೂನಿನಲ್ಲಿ ಶಾಲೆಗಳು ಮುಚ್ಚುವುದಕ್ಕೆ ಮೊದಲಾದರೆ ಇನ್ನೊಂದು ಅನುಕೂಲವಿದೆ. ಕುವೈತ್ ಬಿಟ್ಟು ಹೊರಡುವ ಕುಟುಂಬಗಳು ಸೋಫಾ, ಫ್ರಿಜ್ಜು, ವಾಷಿಂಗ್ ಮಷಿನ್ನುಗಳ ಫೋಟೋ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕುವ ಕಾಲ ಅದು. ಆ ಪಟ್ಟಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಕನ್ನಡಿ ಇರುತ್ತದೆ. ಕಾರ್ಗೋದವರು ಗಾಜಿಗೆ ಜವಾಬ್ದಾರಿ ಹೊರುವುದಿಲ್ಲ, ಊರಿನ ಮನೆಯಲ್ಲಿ ಆಗಲೇ ದೊಡ್ಡದು ಕೂತಿದೆ, ಹಾಗಾಗಿ ಚೌಕಾಸಿ ಮಾಡದೆಯೂ ಅರ್ಧ ಬೆಲೆಗೆ ಸಿಗುತ್ತದೆ. ಅಂಚು ನೋಡಿ ತನ್ನಿ.