ಕೊನೆಯವರು ಮೊದಲಿಗರಾದ ಓಟ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಬೆಳೆದ ನಿಮಗೆ ಮಂಜುಗಡ್ಡೆ ಎಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಐಸು. ಅದರ ಮೇಲೆ ನಿಂತು ಓಡಬಹುದು, ಓಡಿ ಒಲಿಂಪಿಕ್ ಚಿನ್ನ ಗೆಲ್ಲಬಹುದು ಎಂದರೆ ನಗು ಬಂದೀತು. ಬಿಸಿಲಿನ ನಾಡೆಂದೇ ಹೆಸರಾದ ಆಸ್ಟ್ರೇಲಿಯದ ಜನರಿಗೂ ಒಂದು ಕಾಲದಲ್ಲಿ ಹಾಗೆಯೇ ಅನ್ನಿಸುತ್ತಿತ್ತು. ಆ ದೇಶದ ಸ್ಟೀವನ್ ಬ್ರಾಡ್‌ಬರಿ ಅವರು 2002ರಲ್ಲಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಭೂಮಧ್ಯರೇಖೆಯ ದಕ್ಷಿಣದ ಯಾವ ದೇಶವೂ ಅದಕ್ಕೆ ಮೊದಲು ಆ ಕೂಟದಲ್ಲಿ ಚಿನ್ನ ಗೆದ್ದಿರಲಿಲ್ಲ.

ಆದರೆ ಅವರು ಗೆದ್ದ ರೀತಿಯನ್ನು ಕಂಡು ಜಗತ್ತು ನಕ್ಕಿತು. ಐವರ ಓಟದಲ್ಲಿ ಅವರು ಕೊನೆಯವರಾಗಿದ್ದರು. ಮುಂದಿದ್ದ ನಾಲ್ವರೂ ಕೊನೆಯ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಹಿಂದಿದ್ದವರು ನಿಂತುಕೊಂಡೇ ಗುರಿ ದಾಟಿದರು. ಇದು ಬರೀ ಅದೃಷ್ಟವೇ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಆಟವನ್ನು, ಆಮೇಲೆ ಆಟಗಾರರನ್ನು ಅರಿಯಬೇಕು.

ಇದೆಂಥ ಆಟ?

ಈ ಆಟದ ಹೆಸರು ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್. 60 ಮೀಟರ್ ಉದ್ದ, 30 ಮೀಟರ್ ಅಗಲದ ಮಂಜುಗಡ್ಡೆಯ ಅಂಗಳದಲ್ಲಿ ಮೊಟ್ಟೆಯಾಕಾರದ ಓಟದ ಹಾದಿ ಇರುತ್ತದೆ. ಅದರ ಒಂದು ಸುತ್ತು 111.12 ಮೀಟರ್. ನಿಮ್ಮ ಶಾಲೆಯ ಕ್ರೀಡಾಕೂಟಕ್ಕೆ ಸುಣ್ಣ ಹಾಕಿ ಎಳೆಯುವ 200 ಮೀಟರ್ ಟ್ರ್ಯಾಕಿನ ಅರ್ಧಕ್ಕಿಂತ ಅದು ಸ್ವಲ್ಪವೇ ದೊಡ್ಡದು. ಒಂಬತ್ತು ಸುತ್ತು ಹಾಕಿದರೆ 1000 ಮೀಟರ್ ಆಗುತ್ತದೆ. ಬೇಕಾದರೆ ಗುಣಿಸಿ ನೋಡಿ.

ಸ್ಕೇಟಿಂಗ್‌ನಲ್ಲಿ ಇನ್ನೊಂದು ಬಗೆಯಿದೆ. 400 ಮೀಟರ್ ಹಾದಿಯಲ್ಲಿ ಇಬ್ಬಿಬ್ಬರೇ ತಮ್ಮ ತಮ್ಮ ಸಾಲಿನಲ್ಲಿ ಓಡುತ್ತಾರೆ, ಗಡಿಯಾರ ಹೇಳಿದಂತೆ ಸ್ಥಾನ ತೀರ್ಮಾನವಾಗುತ್ತದೆ. ಶಾರ್ಟ್ ಟ್ರ್ಯಾಕ್ ಹಾಗಲ್ಲ. ನಾಲ್ಕೈದು ಮಂದಿ ಒಟ್ಟಿಗೆ ಹೊರಡುತ್ತಾರೆ, ಯಾರಿಗೂ ಪ್ರತ್ಯೇಕ ಸಾಲಿಲ್ಲ. ಮೊದಲು ಗುರಿ ಮುಟ್ಟಿದವರು ಗೆದ್ದರು, ಅಷ್ಟೇ. ಹೀಟ್ಸ್, ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎಂದು ಹಂತ ಹಂತವಾಗಿ ಸೋತವರು ಹೊರಬೀಳುತ್ತಾರೆ. ಇನ್ನೊಬ್ಬರಿಗೆ ಅಡ್ಡಿ ಮಾಡಿದವರನ್ನು ತೀರ್ಪುಗಾರರು ಅನರ್ಹಗೊಳಿಸುತ್ತಾರೆ. 1988ರಲ್ಲಿ ಕೆನಡದ ಕ್ಯಾಲ್ಗರಿಯಲ್ಲಿ ಪ್ರದರ್ಶನದ ಆಟವಾಗಿದ್ದ ಇದಕ್ಕೆ 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್ ಕೂಟದಲ್ಲಿ ಪದಕದ ಸ್ಥಾನ ಸಿಕ್ಕಿತು.

ಏಕೆ ಬೀಳುತ್ತಾರೆ?

ಸೈಕಲ್ ತುಳಿಯುತ್ತ ರಸ್ತೆಯ ತಿರುವಿಗೆ ಬಂದಾಗ ನಿಮ್ಮ ಮೈ ತಾನಾಗಿಯೇ ಒಳಗಡೆಗೆ ವಾಲುವುದನ್ನು ನೀವು ಗಮನಿಸಿರಬಹುದು. ಓಡುವ ವಸ್ತು ನೇರವಾಗಿಯೇ ಹೋಗಬಯಸುತ್ತದೆ. ಅದನ್ನು ತಿರುಗಿಸಲು ಕೇಂದ್ರದ ಕಡೆಗೆ ಎಳೆಯುವ ಬಲ ಬೇಕು. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟು ಬೇಕಾಗುತ್ತದೆ. ತಿರುವು ಕಿರಿದಾದಷ್ಟೂ ಬಲ ಇನ್ನೂ ಹೆಚ್ಚು ಬೇಕು.

ಈಗ ಲೆಕ್ಕ ಹಾಕೋಣ. ಬ್ರಾಡ್‌ಬರಿ ಚಿನ್ನ ಗೆದ್ದ ಓಟದ ಕಾಲ 1 ನಿಮಿಷ 29.109 ಸೆಕೆಂಡು. ಎಂದರೆ ಸರಾಸರಿ ವೇಗ ಸೆಕೆಂಡಿಗೆ 11 ಮೀಟರಿಗೂ ಹೆಚ್ಚು, ಗಂಟೆಗೆ ಸುಮಾರು 40 ಕಿಲೋಮೀಟರ್. ಸುಮಾರು 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವೇಗಕ್ಕೆ ಬೇಕಾಗುವ ಬಲ ಓಟಗಾರನ ಮೈತೂಕವನ್ನೇ ಮೀರುತ್ತದೆ. ಆದ್ದರಿಂದ ಆತ ನೆಟ್ಟಗೆ ನಿಲ್ಲುವಂತಿಲ್ಲ, 45 ಡಿಗ್ರಿಗಿಂತಲೂ ಹೆಚ್ಚಾಗಿ ಒಳಕ್ಕೆ ವಾಲಿ ಎಡಗೈ ಬೆರಳ ತುದಿಯನ್ನು ಮಂಜುಗಡ್ಡೆಗೆ ತಾಗಿಸಿಕೊಂಡೇ ಸುತ್ತುತ್ತಾನೆ. ಕೈಗವಸಿನ ತುದಿಗೆ ಗಟ್ಟಿ ಹೊದಿಕೆ ಇರುವುದು ಇದಕ್ಕಾಗಿಯೇ. ಓಟ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಬೂಟಿನ ಅಲಗನ್ನು ನಟ್ಟನಡುವೆ ಕೂರಿಸದೆ ಎಡಕ್ಕೆ ಸರಿಸಿರುತ್ತಾರೆ, ಅಲಗನ್ನೂ ಸ್ವಲ್ಪ ಬಗ್ಗಿಸಿರುತ್ತಾರೆ.

ಇಷ್ಟೆಲ್ಲ ಬಲವನ್ನು ಹೊರುವುದು ಮಂಜುಗಡ್ಡೆಗೆ ಕಚ್ಚಿಕೊಂಡ ತೆಳುವಾದ ಉಕ್ಕಿನ ಅಲಗು. ಪಕ್ಕದವರ ಕೈಯೋ ಬೂಟೋ ತುಸು ತಾಗಿ ಅದರ ಹಿಡಿತ ತಪ್ಪಿದರೆ, ದೇಹ ನೇರವಾಗಿ ಹೊರಗೋಡೆಯ ಕಡೆಗೆ ಜಾರುತ್ತದೆ. ಹತ್ತಿರದಲ್ಲಿ ಇದ್ದವರನ್ನೂ ಎಳೆದುಕೊಂಡು ಹೋಗುತ್ತದೆ. ಗೋಡೆಗೆ ದಪ್ಪನೆಯ ಮೆತ್ತೆ ಹೊದಿಸಿರುವುದರಿಂದ ಪ್ರಾಣಕ್ಕೆ ಅಪಾಯ ಕಡಿಮೆ. ಹೀಗೆ ಬೀಳುವುದು ಈ ಆಟದಲ್ಲಿ ಅಪರೂಪದ ಸಂಗತಿಯಲ್ಲ. ಕೊನೆಯ ಸುತ್ತಿನಲ್ಲಿ ಎಲ್ಲರೂ ಒಂದೇ ತಿರುವಿಗೆ ನುಗ್ಗುವಾಗ ಅದರ ಸಂಭವ ಇನ್ನಷ್ಟು ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹನ್ನೊಂದು ವರ್ಷಗಳ ಹಾದಿ

ಸ್ಟೀವನ್ ಬ್ರಾಡ್‌ಬರಿ ಹುಟ್ಟಿದ್ದು 1973ರ ಅಕ್ಟೋಬರ್ 14ರಂದು, ಸಿಡ್ನಿ ಬಳಿಯ ಕ್ಯಾಮ್ಡೆನ್‌ನಲ್ಲಿ. 1991ರಲ್ಲಿ ಸಿಡ್ನಿಯಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 5000 ಮೀಟರ್ ರಿಲೇ ಗೆದ್ದ ಆಸ್ಟ್ರೇಲಿಯ ತಂಡದಲ್ಲಿ ಅವರಿದ್ದರು. ಆಗ ಅವರಿಗೆ ಹದಿನೇಳು ವರ್ಷ. 1994ರಲ್ಲಿ ನಾರ್ವೆಯ ಲಿಲ್ಲೆಹಾಮರ್ ಒಲಿಂಪಿಕ್ಸ್‌ನಲ್ಲಿ ಅದೇ ರಿಲೇಯಲ್ಲಿ ಕಂಚು ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಕ್ಕೆ ಅದು ಮೊಟ್ಟಮೊದಲ ಪದಕ.

ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವಕಪ್ ಓಟದಲ್ಲಿ ಇನ್ನೊಬ್ಬ ಓಟಗಾರನ ಅಲಗು ಅವರ ತೊಡೆಯನ್ನು ಸೀಳಿತು. ಸುಮಾರು ನಾಲ್ಕು ಲೀಟರ್ ರಕ್ತ ಹರಿದುಹೋಯಿತು. ವಯಸ್ಕರ ದೇಹದಲ್ಲಿ ಇರುವುದೇ ಐದು ಲೀಟರಿನಷ್ಟು ಎಂಬುದನ್ನು ಜೀವಶಾಸ್ತ್ರದ ಪಾಠದಲ್ಲಿ ನೀವು ಓದಿದ್ದೀರಿ. 111 ಹೊಲಿಗೆ ಹಾಕಬೇಕಾಯಿತು. ಮೊದಲಿನ ಬಲ ಮರಳಿ ಬರಲು ಹದಿನೆಂಟು ತಿಂಗಳು ಹಿಡಿಯಿತು. 1998ರ ನಾಗಾನೊ ಒಲಿಂಪಿಕ್ಸ್‌ಗೆ ಪದಕದ ಆಸೆಯಿಂದಲೇ ಹೋದರು. ಅಲ್ಲಿ ಬೇರೆಯವರೊಂದಿಗಿನ ಡಿಕ್ಕಿಗಳಿಂದಾಗಿ ಬರಿಗೈಲಿ ಮರಳಿದರು.

2000ನೆಯ ಇಸವಿಯಲ್ಲಿ ಮತ್ತೊಂದು ಪೆಟ್ಟು. ತಾಲೀಮಿನ ವೇಳೆ ಎದುರಿಗೆ ಬಿದ್ದವರನ್ನು ದಾಟಿ ಹಾರಲು ಹೋಗಿ ತಲೆ ಮುಂದಾಗಿ ಗೋಡೆಗೆ ಅಪ್ಪಳಿಸಿದರು. ಕುತ್ತಿಗೆಯ ಎರಡು ಮೂಳೆಗಳು ಮುರಿದವು. ತಲೆಬುರುಡೆಗೆ ಪಿನ್ನು ಹಾಕಿ ಕೂರಿಸಿದ ಲೋಹದ ಚೌಕಟ್ಟಿನಲ್ಲಿ ಸುಮಾರು ಒಂದೂವರೆ ತಿಂಗಳು ಕಳೆದರು. ಇನ್ನು ಮಂಜುಗಡ್ಡೆಗೆ ಇಳಿಯುವಂತಿಲ್ಲ ಎಂದು ವೈದ್ಯರು ಹೇಳಿದರು. ಅವರು ಮತ್ತೆ ಇಳಿದರು.

ಈ ಆಟದಲ್ಲಿ ಅವರಿಗೆ ಕ್ರಿಕೆಟಿನಂತೆ ಹಣ ಬರುತ್ತಿರಲಿಲ್ಲ. ಸ್ಕೇಟಿಂಗ್ ಬೂಟು ತಯಾರಿಸುವ ಸಣ್ಣ ಉದ್ಯಮವೊಂದನ್ನು ನಡೆಸುತ್ತಿದ್ದರು. ತಮ್ಮ ಎದುರಾಳಿ, ಅಮೆರಿಕದ ಅಪೋಲೊ ಓನೊಗೂ ಅವರೇ ಬೂಟು ಮಾಡಿಕೊಟ್ಟಿದ್ದರು.

1 ನಿಮಿಷ 29 ಸೆಕೆಂಡು

2002ರ ಫೆಬ್ರವರಿ 16, ಅಮೆರಿಕದ ಸಾಲ್ಟ್ ಲೇಕ್ ಸಿಟಿ. ಬ್ರಾಡ್‌ಬರಿಗೆ 28 ವರ್ಷ. 1000 ಮೀಟರ್ ಓಟದ ಕ್ವಾರ್ಟರ್ ಫೈನಲ್‌ನಲ್ಲಿ ಅವರು ಮೂರನೆಯವರಾದರು. ಮುಂದಕ್ಕೆ ಹೋಗುವವರು ಇಬ್ಬರೇ. ಆದರೆ ಮುಂದಿದ್ದ ಕೆನಡದ ಮಾರ್ಕ್ ಗಾನ್ಯೋ ಅಡ್ಡಿ ಮಾಡಿದ್ದಕ್ಕಾಗಿ ಅನರ್ಹಗೊಂಡರು, ಬ್ರಾಡ್‌ಬರಿಗೆ ಸ್ಥಾನ ಸಿಕ್ಕಿತು. ಇದು ಅದೃಷ್ಟವೇ, ಸಂಶಯವಿಲ್ಲ.

ಸೆಮಿಫೈನಲ್‌ಗೆ ಮೊದಲು ಅವರು ತರಬೇತುದಾರರೊಂದಿಗೆ ಕುಳಿತು ಯೋಚಿಸಿದರು. ಇತರರಷ್ಟು ವೇಗ ತಮಗಿಲ್ಲ. ಒಂದೇ ಸಂಜೆ ಮೇಲಿಂದ ಮೇಲೆ ಓಡಿ ಕಾಲು ಸೋತಿದೆ. ನಡುವೆ ನುಗ್ಗಿದರೆ ಬೀಳುವವರಲ್ಲಿ ತಾವೂ ಒಬ್ಬರು. ಹಿಂದೆ ಉಳಿದು, ಕಾಲ ಮೇಲೆ ನಿಂತು, ಮುಂದಿನವರು ಎಡವಿದರೆ ಸಿಗುವ ದಾರಿಗಾಗಿ ಕಾಯುವುದೊಂದೇ ಉಪಾಯ. ಹಾಗೆಯೇ ಆಯಿತು. ಹಿಂದಿನ ಒಲಿಂಪಿಕ್ ಚಾಂಪಿಯನ್ ಕಿಮ್ ಡಾಂಗ್-ಸಂಗ್, ಚೀನದ ಲಿ ಜಿಯಾಜುನ್, ಕೆನಡದ ಮ್ಯಾಥ್ಯೂ ಟರ್ಕಾಟ್ ಮೂವರೂ ಬಿದ್ದರು. ಬ್ರಾಡ್‌ಬರಿ ಫೈನಲ್‌ಗೆ ಬಂದರು.

ಫೈನಲ್‌ನಲ್ಲಿ ಅವರ ಜೊತೆ ಓನೊ, ಲಿ, ಟರ್ಕಾಟ್ ಮತ್ತು ಕೊರಿಯದ ಹದಿನಾರರ ಹುಡುಗ ಆನ್ ಹ್ಯುನ್-ಸೂ ಇದ್ದರು. ಕೊನೆಯ ತಿರುವಿನ ಹೊತ್ತಿಗೆ ನಾಲ್ವರೂ ಚಿನ್ನಕ್ಕಾಗಿ ಮೈಗೆ ಮೈ ತಾಗಿಸಿ ನುಗ್ಗುತ್ತಿದ್ದರು. ಬ್ರಾಡ್‌ಬರಿ ಸುಮಾರು 15 ಮೀಟರ್ ಹಿಂದಿದ್ದರು. ಲಿ ಎಡವಿದರು, ಓನೊ, ಆನ್, ಟರ್ಕಾಟ್ ಒಬ್ಬರ ಹಿಂದೊಬ್ಬರು ಉರುಳಿದರು. ಆ ವೇಗದಲ್ಲಿ 15 ಮೀಟರ್ ಎಂದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಬಿದ್ದವರ ಪಕ್ಕದಿಂದ ಸರಿದು ಹೋಗಲು ಅಷ್ಟು ಸಾಕಾಯಿತು. ಓನೊ ತೆವಳಿಕೊಂಡೇ ಗೆರೆ ಮುಟ್ಟಿ ಬೆಳ್ಳಿ ಪಡೆದರು, ಟರ್ಕಾಟ್‌ಗೆ ಕಂಚು.

ನಾಣ್ಯದ ಎರಡು ಮುಖ

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ, 1975ರಲ್ಲಿ ಬಿಡುಗಡೆಯಾದ 'ಶೋಲೆ' ಚಿತ್ರ ನಿಮಗೆ ಗೊತ್ತು. ಅದರಲ್ಲಿ ಜೈ ಎಲ್ಲವನ್ನೂ ನಾಣ್ಯ ಚಿಮ್ಮಿಯೇ ತೀರ್ಮಾನಿಸುತ್ತಾನೆ. ಕೊನೆಗೆ ನೋಡಿದರೆ ನಾಣ್ಯದ ಎರಡು ಬದಿಯೂ ಒಂದೇ! ಅದೃಷ್ಟವೆಂದು ನಾವು ನಂಬಿದ್ದರ ಹಿಂದೆ ಒಬ್ಬನ ತೀರ್ಮಾನವಿತ್ತು.

ಬ್ರಾಡ್‌ಬರಿಯವರ ನಾಣ್ಯ ಅಷ್ಟು ಖಚಿತವಾದದ್ದಲ್ಲ, ಅದರಲ್ಲಿ ಮೋಸವೂ ಇರಲಿಲ್ಲ. ನಾಲ್ವರೂ ಬೀಳುತ್ತಾರೆಂದು ಯಾರೂ ಮೊದಲೇ ಹೇಳಲಾರರು. ಬೀಳುವ ಸಂಭವ ಎಲ್ಲಿ ಹೆಚ್ಚು ಎಂಬುದನ್ನು ಅರಿತು ಅಲ್ಲಿಂದ ದೂರ ನಿಂತದ್ದು ಮಾತ್ರ ತೀರ್ಮಾನ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಆ ಐವರಲ್ಲಿ ಒಬ್ಬರಾಗಿರಲು ಒಲಿಂಪಿಕ್ ಫೈನಲ್‌ವರೆಗೆ ಬರಬೇಕಿತ್ತು. ಗೆದ್ದ ಮೇಲೆ ಅವರು ಹೇಳಿದ್ದರ ಸಾರಾಂಶವೂ ಇದೇ. ಪದಕವನ್ನು ಆ ಒಂದೂವರೆ ನಿಮಿಷಕ್ಕಾಗಿ ಅಲ್ಲ, ಹಿಂದಿನ ಹತ್ತು ವರ್ಷಗಳ ದುಡಿಮೆಗಾಗಿ ಸ್ವೀಕರಿಸುತ್ತೇನೆ ಎಂದರು.

ಹಾಗೆಂದು ಹಿಂದೆ ಉಳಿದು ಕಾದರೆ ಗೆಲ್ಲಬಹುದು ಎಂಬ ಪಾಠವನ್ನು ಇಲ್ಲಿಂದ ಕಲಿಯಬೇಡಿ. ಹಾಗೆ ಕಾದು ಸೋತವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಬಿದ್ದವರ ಕಡೆಗೂ ನೋಡಿ. ಓನೊ ದೂರದೆ ಬೆಳ್ಳಿಯನ್ನು ಸ್ವೀಕರಿಸಿ, ಮೂರು ಕೂಟಗಳಲ್ಲಿ ಒಟ್ಟು ಎಂಟು ಒಲಿಂಪಿಕ್ ಪದಕ ಗಳಿಸಿದರು. ಬರಿಗೈಲಿ ಎದ್ದುಹೋದ ಆನ್ 2006ರಲ್ಲಿ ಟ್ಯೂರಿನ್‌ನಲ್ಲಿ ಕೊರಿಯಕ್ಕಾಗಿ ಮೂರು ಚಿನ್ನ ಗೆದ್ದರು. ಮುಂದೆ ಮೊಣಕಾಲಿನ ಪೆಟ್ಟಿನಿಂದ ಹಿಂದೆ ಬಿದ್ದು, ರಷ್ಯದ ಪೌರರಾಗಿ, 2014ರಲ್ಲಿ ಸೋಚಿಯಲ್ಲಿ ಮತ್ತೆ ಮೂರು ಚಿನ್ನ ಗೆದ್ದರು. ಒಂದು ತಿರುವು ಯಾರ ಬದುಕನ್ನೂ ಮುಗಿಸಲಿಲ್ಲ.

ಮಂಜುಗಡ್ಡೆ ಇಲ್ಲದ ಊರಿನಲ್ಲಿ

ಇದು ನಮ್ಮ ಕೈಗೆ ನಿಲುಕದ ಆಟವೆಂದು ಭಾವಿಸಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಡೆಹರಾಡೂನಿನ ಒಳಾಂಗಣ ಮಂಜುಗಡ್ಡೆಯ ಅಂಗಳದಲ್ಲಿ ಏಷ್ಯದ ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೆಯಿತು. ಗಾಲಿ ಕಟ್ಟಿದ ಬೂಟಿನಲ್ಲಿ ಓಡುವುದು ಇದರ ಅಣ್ಣತಮ್ಮನಂಥ ಆಟ. ಓನೊ ಕೂಡ ಗಾಲಿಯಿಂದಲೇ ಮಂಜುಗಡ್ಡೆಗೆ ಬಂದವರು. ಆ ಆಟದಲ್ಲಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ರಿಲೇ ತಂಡಗಳೆರಡೂ ಕಂಚು ಗೆದ್ದವು. ಪುರುಷರ ತಂಡದಲ್ಲಿದ್ದ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ 1000 ಮೀಟರ್ ಸ್ಪ್ರಿಂಟ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಚೆನ್ನೈನ ಬಿಸಿಲು ನಮ್ಮದಕ್ಕಿಂತ ಕಡಿಮೆಯದೇನಲ್ಲ.

ಆಸ್ಟ್ರೇಲಿಯದಲ್ಲಿ ಇಂದು ಅನಿರೀಕ್ಷಿತ ಗೆಲುವಿಗೆ ಜನ ಬ್ರಾಡ್‌ಬರಿಯ ಹೆಸರನ್ನೇ ಗಾದೆಯಂತೆ ಬಳಸುತ್ತಾರೆ. 2022ರಲ್ಲಿ ಸಮುದ್ರದಲ್ಲಿ ಮುಳುಗುತ್ತಿದ್ದ ನಾಲ್ವರು ಹುಡುಗಿಯರನ್ನು ಅವರು ದಡ ಸೇರಿಸಿದ್ದು ಅಷ್ಟಾಗಿ ಪ್ರಚಾರವಾಗಲಿಲ್ಲ. ಅಲ್ಲಿಯೂ ಅವರು ಆ ಹೊತ್ತಿಗೆ ಆ ಜಾಗದಲ್ಲಿದ್ದರು, ಮತ್ತು ಮಾಡಬೇಕಾದ್ದು ಅವರಿಗೆ ತಿಳಿದಿತ್ತು.

ಪರೀಕ್ಷೆಯ ಫಲಿತಾಂಶ ಬಂದಾಗ ಗೆಳೆಯನಿಗೆ ಅಂಕ ಹೆಚ್ಚು ಬಂದರೆ 'ಅವನ ಅದೃಷ್ಟ' ಎನ್ನುತ್ತೇವೆ, ನಮಗೆ ಕಡಿಮೆಯಾದರೆ 'ನಮ್ಮ ಹಣೆಬರಹ' ಎನ್ನುತ್ತೇವೆ. ಮುಂದಿನ ಸಲ ಈ ಮಾತು ಬಾಯಿಗೆ ಬಂದಾಗ ಒಂದು ಕ್ಷಣ ತಡೆದು ಕೇಳಿಕೊಳ್ಳಿ: ಅದೃಷ್ಟ ಬಂದ ಹೊತ್ತಿಗೆ ಆತ ಎಲ್ಲಿ ನಿಂತಿದ್ದ? ಅಲ್ಲಿಗೆ ಬರಲು ಎಷ್ಟು ವರ್ಷ ನಡೆದಿದ್ದ?